ಮುಟ್ಟದೆ ಕೇಳುವ ವಿದ್ಯೆ

ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ಮರುವರ್ಷ, ಎಂದರೆ 1800ನೆಯ ಇಸವಿಯ ಅಕ್ಟೋಬರಿನಲ್ಲಿ ಹುಟ್ಟಿ, ಮುಂದೆ ಪ್ರಷ್ಯದ ಸೇನೆಯನ್ನು ನಡೆಸಿ ಯೂರೋಪಿನ ಭೂಪಟವನ್ನೇ ತಿದ್ದಿದ ಹೆಲ್ಮುಟ್ ಫಾನ್ ಮೋಲ್ಟ್ಕೆ ಎಂಬ ದಂಡನಾಯಕನ ಕಂಠವನ್ನು ಇಂದು ನಾವು ಕಿವಿಯಾರೆ ಕೇಳಬಹುದೆಂದರೆ ಅದನ್ನು ಒಡನೆಯೇ ನಂಬುವುದು ಸುಲಭವಲ್ಲ. 1889ರ ಅಕ್ಟೋಬರಿನಲ್ಲಿ, ಎಡಿಸನ್ನನ ಸಹಾಯಕನಾದ ಥಿಯೋ ವಾಂಗೆಮನ್ ಎಂಬಾತನು ಧ್ವನಿಮುದ್ರಣದ ಯಂತ್ರವೊಂದನ್ನು ಹೊತ್ತು ಆ ವೃದ್ಧನ ಮನೆಗೆ ಹೋದನು; ಎಂಬತ್ತೊಂಬತ್ತನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿದ್ದ ಸೇನಾಪತಿಯು ಕೊಂಬಿನ ಮುಂದೆ ನಿಂತು ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನಿಂದಲೂ ಗಯಟೆಯ ‘ಫೌಸ್ಟ್’ನಿಂದಲೂ ಕೆಲವು ಪಂಕ್ತಿಗಳನ್ನು ಓದಿದನು. 1800ನ್ನು ಹದಿನೆಂಟನೆಯ ಶತಮಾನದ ಕೊನೆಯ ವರ್ಷವೆಂದು ಎಣಿಸುವವರ ಲೆಕ್ಕದಲ್ಲಿ, ಆ ಶತಮಾನದಲ್ಲಿ ಹುಟ್ಟಿದವರ ಪೈಕಿ ನಮಗೆ ಕೇಳಿಸುವ ದನಿ ಇದೊಂದೇ. ವಾಂಗೆಮನ್ನನು ಅದೇ ಪ್ರವಾಸದಲ್ಲಿ ಬಿಸ್ಮಾರ್ಕನ ಮಾತನ್ನೂ, ಡಿಸೆಂಬರಿನಲ್ಲಿ ವಿಯೆನ್ನಾ ನಗರದಲ್ಲಿ ಬ್ರಾಮ್ಸನ ಪಿಯಾನೋ ವಾದನವನ್ನೂ ಮುದ್ರಿಸಿಕೊಂಡನು. ಮೋಲ್ಟ್ಕೆ ಮತ್ತು ಬಿಸ್ಮಾರ್ಕರ ದನಿಗಳಿದ್ದ 17 ಮೇಣದ ಉರುಳೆಗಳ ಮರದ ಪೆಟ್ಟಿಗೆಯೊಂದು 1957ರಲ್ಲಿ ನ್ಯೂಜೆರ್ಸಿಯ ವೆಸ್ಟ್ ಆರೆಂಜಿನಲ್ಲಿರುವ ಎಡಿಸನ್ನನ ಪ್ರಯೋಗಶಾಲೆಯಲ್ಲಿ ದೊರೆಯಿತು. ಅದರಲ್ಲಿ ಯಾರ ದನಿಯಿದೆಯೆಂಬುದು ಜಗತ್ತಿಗೆ ತಿಳಿದದ್ದು 2012ರಲ್ಲಿ.

ಪೆಟ್ಟಿಗೆ ಸಿಕ್ಕಿದ ಮೇಲೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಅದರೊಳಗಿನ ದನಿಗೆ ಹೆಸರು ಹಚ್ಚಲು ಆಗಲಿಲ್ಲವೆಂಬುದಕ್ಕೆ ಅಲಕ್ಷ್ಯವೊಂದನ್ನೇ ಕಾರಣವೆನ್ನಲಾಗದು. ಮೇಣದ ಉರುಳೆಗಳ ವಿಷಯದಲ್ಲಿ ಒಂದು ವಿಚಿತ್ರವಾದ ಸಂಕಟವಿದೆ. ಅವುಗಳಲ್ಲಿ ಏನಿದೆಯೆಂದು ತಿಳಿಯಬೇಕಾದರೆ ಅವುಗಳನ್ನು ನುಡಿಸಬೇಕು. ನುಡಿಸಿದರೆ ಅವು ಸವೆಯುವುವು. ಮೇಣದ ಮೇಲೆ ಸೂಜಿ ಹರಿದ ಪ್ರತಿಸಲವೂ ದನಿಯ ಕೆಲವು ಕಣಗಳು ಪುಡಿಯಾಗಿ ಉದುರುತ್ತವೆ. ಕೆಲವು ಡಜನ್ ಸಲ ಕೇಳಿದ ಉರುಳೆಯಲ್ಲಿ ಹಾಡಿಗಿಂತ ಕರಕರ ಸದ್ದೇ ಮುಂದಾಗುತ್ತದೆ. ಅತಿ ಪ್ರೀತಿಯಿಂದ ಕೇಳಿದವರೇ ಅತಿ ಹೆಚ್ಚು ಹಾಳು ಮಾಡಿದವರಾಗಬೇಕಾದ ವಸ್ತು ಇದು. ಆದುದರಿಂದ ಈ ದನಿಗಳನ್ನು ಉಳಿಸಿಕೊಂಡ ಕಥೆಯು, ಮನುಷ್ಯನು ಇವುಗಳನ್ನು ಮುಟ್ಟದಿರಲು ಮೆಲ್ಲಮೆಲ್ಲನೆ ಕಲಿತ ಕಥೆಯೂ ಹೌದು.

ಎಡಿಸನ್ 1877ರ ಕೊನೆಯಲ್ಲಿ ರಚಿಸಿದ ಫೋನೋಗ್ರಾಫ್ ಎಂಬ ಮೊದಲ ಯಂತ್ರದಲ್ಲಿ ಮೇಣವಿರಲಿಲ್ಲ. ಹಿತ್ತಾಳೆಯ ಉರುಳೆಗೆ ತವರದ ತೆಳು ಹಾಳೆಯನ್ನು ಸುತ್ತಿ, ಅದರ ಮೇಲೆ ಸೂಜಿಯಿಂದ ದನಿಯನ್ನು ಒತ್ತಿ ಮೂಡಿಸುತ್ತಿದ್ದನು. ಹಾಳೆಯನ್ನು ಒಮ್ಮೆ ಬಿಚ್ಚಿದರೆ ಮತ್ತೆ ಅದೇ ಜಾಡಿಗೆ ಕೂರಿಸುವುದು ಬಹುಮಟ್ಟಿಗೆ ಅಸಾಧ್ಯ. ಜನರು ನೋಡಿ ಬೆರಗಾದರು, ಯಂತ್ರವು ಮೇಳಗಳಲ್ಲಿ ಮೆರೆಯಿತು, ಎಡಿಸನ್ ವಿದ್ಯುದ್ದೀಪದ ಕಡೆಗೆ ತಿರುಗಿಕೊಂಡನು. ಮೇಣವನ್ನು ತಂದವರು ಬೇರೆ ಜನ: ದೂರವಾಣಿಯ ಖ್ಯಾತಿಯ ಅಲೆಕ್ಸಾಂಡರ್ ಗ್ರಾಹಾಂ ಬೆಲ್, ಅವನ ದಾಯಾದಿ ಚಿಚೆಸ್ಟರ್ ಬೆಲ್, ಮತ್ತು ಚಾರ್ಲ್ಸ್ ಸಮ್ನರ್ ಟೇಂಟರ್. ಇವರು ವಾಷಿಂಗ್ಟನ್ನಿನ ತಮ್ಮ ಪ್ರಯೋಗಶಾಲೆಯಲ್ಲಿ ರಟ್ಟಿನ ಕೊಳವೆಗೆ ಮೇಣ ಬಳಿದು, ಒತ್ತುವುದಕ್ಕೆ ಬದಲಾಗಿ ಕೊರೆಯುವ ಕ್ರಮವನ್ನು ಕಂಡುಹಿಡಿದು 1886ರಲ್ಲಿ ಪೇಟೆಂಟು ಪಡೆದರು. ಪ್ರತಿಸ್ಪರ್ಧಿಗಳ ಈ ಏಳಿಗೆಯನ್ನು ಕಂಡು ಎಚ್ಚೆತ್ತ ಎಡಿಸನ್ 1888ರಲ್ಲಿ ಇಡೀ ಉರುಳೆಯನ್ನೇ ಮೇಣದಿಂದ ಎರಕ ಹೊಯ್ದನು. ಹೆಸರಿಗೆ ಮೇಣವೆನ್ನುತ್ತೇವೆ, ಆದರೆ ಜೇನುಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಸ್ಟಿಯರಿಕ್ ಆಮ್ಲವನ್ನು ಲೋಹದ ಲವಣಗಳೊಡನೆ ಕಾಯಿಸಿ ಪಡೆದ, ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಸಾಬೂನಿನ ಜಾತಿಗೆ ಸೇರಿದ ಕಂದುಬಣ್ಣದ ಪದಾರ್ಥ ಅದು. ಅದರ ಮುಂದಿನ ರೋಗಗಳಿಗೆಲ್ಲ ಬೀಜ ಈ ಕುಲದಲ್ಲಿಯೇ ಇತ್ತು.

ಉರುಳೆಯ ಉದ್ದ ಸುಮಾರು ನಾಲ್ಕೂಕಾಲು ಅಂಗುಲ, ಅಡ್ಡಳತೆ ಎರಡು ಅಂಗುಲಕ್ಕಿಂತ ತುಸು ಹೆಚ್ಚು. ಹಾಡುಗಾರನು ಕೊಂಬಿನೊಳಗೆ ಹಾಡಿದಾಗ ಗಾಳಿಯ ಕಂಪನವು ಕೊಂಬಿನ ಕೊನೆಯಲ್ಲಿರುವ ತೆಳುವಾದ ಪೊರೆಯನ್ನು ನಡುಗಿಸುತ್ತದೆ; ಪೊರೆಗೆ ತಗುಲಿದ ಸೂಜಿಯು ತಿರುಗುವ ಮೇಣದಲ್ಲಿ ಸುರುಳಿಯಾಕಾರದ ಗೆರೆಯನ್ನು ಕೊರೆಯುತ್ತ ಸಾಗುತ್ತದೆ. ನಮ್ಮ ಹಿರಿಯರು ಗ್ರಾಮಫೋನ್ ಪ್ಲೇಟು ಎಂದು ಕರೆಯುತ್ತಿದ್ದ ತಟ್ಟೆಗಳಲ್ಲಿ ಸಾಮಾನ್ಯವಾಗಿ ಗೆರೆಯು ಎಡಕ್ಕೂ ಬಲಕ್ಕೂ ಓಲಾಡುವುದು. ಉರುಳೆಯಲ್ಲಿ ಹಾಗಲ್ಲದೆ, ಅನನುಭವಿಯ ಕೈಯ ನೇಗಿಲು ಒಂದೆಡೆ ಆಳಕ್ಕಿಳಿದು ಇನ್ನೊಂದೆಡೆ ಮೇಲೆದ್ದು ಸಾಲು ಹೊಡೆದಂತೆ, ಗೆರೆಯ ತಳವೇ ಏರಿಳಿಯುತ್ತದೆ. ಒಂದು ಅಂಗುಲಕ್ಕೆ 100 ಗೆರೆ, ನಿಮಿಷಕ್ಕೆ 160 ಸುತ್ತು, ಒಟ್ಟಿನಲ್ಲಿ ಎರಡು ನಿಮಿಷಗಳ ದನಿ: ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ರೂಢಿಗೆ ಬಂದ ಅಳತೆಗಳು ಇವು. ಆ ಏರಿಳಿತದ ಆಳವಾದರೋ ಮೈಕ್ರಾನುಗಳ ಲೆಕ್ಕದ್ದು; ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಇಷ್ಟು ಕೋಮಲವಾದುದನ್ನು ಶತಮಾನಗಳಿಗಾಗಿ ಯಾರೂ ಮಾಡಿರಲಿಲ್ಲ. ಎಡಿಸನ್ನನ ಮನಸ್ಸಿನಲ್ಲಿ ಮುಖ್ಯವಾಗಿದ್ದ ಗಿರಾಕಿಯೆಂದರೆ ಕಚೇರಿಯ ಯಜಮಾನ: ಅವನು ಪತ್ರದ ಒಕ್ಕಣೆಯನ್ನು ಯಂತ್ರಕ್ಕೆ ಹೇಳಬೇಕು, ಗುಮಾಸ್ತೆಯು ಕೇಳಿ ಬರೆದುಕೊಳ್ಳಬೇಕು, ಬಳಿಕ ಅಲಗಿನಿಂದ ಮೇಣದ ಮೇಲ್ಪದರವನ್ನು ಹೆರೆದು ನುಣುಪು ಮಾಡಿ ಮರುದಿನದ ಪತ್ರಕ್ಕೆ ಅದನ್ನೇ ಉಪಯೋಗಿಸಬೇಕು. ಹಾಡುಗಳ ವ್ಯಾಪಾರವು ಬೆಳೆದಾಗಲೂ ಒಂದು ಮೂಲದಿಂದ ಸಾವಿರಾರು ನಕಲು ತೆಗೆಯುವ ಉಪಾಯ ಬಹುಕಾಲ ದೊರೆಯಲಿಲ್ಲ. ಗಾಯಕನು ಸಾಲಾಗಿ ಇಟ್ಟ ಕೆಲವು ಯಂತ್ರಗಳ ಮುಂದೆ ನಿಂತು ಅದೇ ಹಾಡನ್ನು ದಿನವೆಲ್ಲ ಹಾಡುತ್ತಿದ್ದನು. ಎಡಿಸನ್ ಅಚ್ಚಿನಿಂದ ಎರಕ ಹೊಯ್ದ ಉರುಳೆಗಳನ್ನು ಮಾರುಕಟ್ಟೆಗೆ ತಂದದ್ದು 1902ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ, ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದು ಮೈಸೂರಿನಲ್ಲಿಯೇ 1930ರಲ್ಲಿ ಕಣ್ಮುಚ್ಚಿದ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಹಾಡಿದ್ದೂ ಮೇಣದ ಮುಂದೆಯೇ. ಆದರೆ ಅದು ಚಪ್ಪಟೆಯಾದ ಮೇಣ. ಅದರಿಂದ ಲೋಹದ ಪಡಿಯಚ್ಚನ್ನು ತೆಗೆದು ಅರಗಿನ ತಟ್ಟೆಗಳನ್ನು ಬೇಕಾದಷ್ಟು ಒತ್ತಬಹುದಾಗಿತ್ತು. ಆಕೆಯ ಹಾಡು ಊರೂರಿಗೆ ಹರಡಿ ಉಳಿದುದಕ್ಕೂ, ಆ ಕಾಲದ ಎಷ್ಟೋ ಉರುಳೆಗಳು ಒಂಟಿಯಾಗಿ ಹುಟ್ಟಿ ಒಂಟಿಯಾಗಿ ಅಳಿದುದಕ್ಕೂ ಇರುವ ವ್ಯತ್ಯಾಸ ಇಷ್ಟೆ. ತಟ್ಟೆಯ ಮುಂದೆ ಉರುಳೆ ಸೋತಿತು. 1929ರಲ್ಲಿ ಎಡಿಸನ್ನನ ಕಂಪನಿಯು ಹಾಡಿನ ಉರುಳೆಗಳ ತಯಾರಿಕೆಯನ್ನು ನಿಲ್ಲಿಸಿತು.

ವ್ಯಾಪಾರಿಗಳು ಬಿಟ್ಟ ಯಂತ್ರವನ್ನು ವಿದ್ವಾಂಸರು ಬಿಡಲಿಲ್ಲ. ಕೊಂಬು, ಸ್ಪ್ರಿಂಗು, ಒಂದು ಪೆಟ್ಟಿಗೆ ಖಾಲಿ ಉರುಳೆ ಇಷ್ಟಿದ್ದರೆ ವಿದ್ಯುತ್ತಿಲ್ಲದ ಕಾಡಿನಲ್ಲಿಯೂ ದನಿಯನ್ನು ಹಿಡಿಯಬಹುದಾಗಿತ್ತು. 1890ರ ಮಾರ್ಚಿನಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅಮೆರಿಕದ ಮೇಯ್ನ್ ಪ್ರಾಂತದಲ್ಲಿ ಪಸಮಕ್ವಾಡಿ ಜನರ ಹಾಡು-ಕಥೆಗಳನ್ನು ಉರುಳೆಗೆ ಇಳಿಸಿದನು. ಜನಪದದ ನಡುವೆ ಹೋಗಿ ಧ್ವನಿಮುದ್ರಣ ಮಾಡುವ ಕ್ರಮಕ್ಕೆ ಅದೇ ನಾಂದಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ಗ್ರಂಥಪಾಲಕ ಲಯೊನೆಲ್ ಮೇಪಲ್ಸನ್ನನು 1900ರಿಂದ ಮೂರು ನಾಲ್ಕು ವರ್ಷಗಳ ಕಾಲ, ನಡೆಯುತ್ತಿರುವ ಆಟವನ್ನೇ ರಂಗದ ಮೇಲಿನ ಅಟ್ಟದಿಂದ ಮುದ್ರಿಸಿಕೊಂಡದ್ದೂ ಇದೇ ಯಂತ್ರದಿಂದ.

ಆದರೆ ಈ ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇಶಿಯ ಉರುಳೆಗಳು. ಕ್ಯಾಲಿಫೋರ್ನಿಯದ ಯಾಹಿ ಎಂಬ ಸಣ್ಣ ಬುಡಕಟ್ಟನ್ನು ಬಿಳಿಯ ವಲಸೆಗಾರರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇಟೆಯಾಡಿ ಮುಗಿಸಿದರು. ಉಳಿದ ಬೆರಳೆಣಿಕೆಯ ಮಂದಿ ಕಣಿವೆಗಳಲ್ಲಿ ದಶಕಗಳ ಕಾಲ ಅಡಗಿ ಬಾಳಿದರು. ಕೊನೆಗೆ 1911ರ ಆಗಸ್ಟಿನಲ್ಲಿ, ಒಬ್ಬನೇ ಒಬ್ಬನು, ಹಸಿದು ಸೊರಗಿ, ಓರೋವಿಲ್ ಎಂಬ ಊರಿನ ಕಸಾಯಿಖಾನೆಯ ಬಳಿ ಕಾಣಿಸಿಕೊಂಡನು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಕುಲದ ಆಚಾರಕ್ಕೆ ವಿರುದ್ಧವಾದುದರಿಂದ, ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರನು ಅವನನ್ನು ಇಶಿ ಎಂದು ಕರೆದನು; ನಿಜವಾದ ಹೆಸರು ಅವನೊಡನೆಯೇ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ವಾಸಿಸುತ್ತಿದ್ದಾಗ, 1911ರ ಸೆಪ್ಟೆಂಬರಿನಿಂದ 1914ರ ಏಪ್ರಿಲಿನವರೆಗೆ, ಅವನು 148 ಉರುಳೆಗಳಿಗೆ ಹಾಡಿದನು, ಮಾತನಾಡಿದನು, ಕಥೆ ಹೇಳಿದನು. ಅವುಗಳಲ್ಲಿ ಕಾಡುಬಾತುಕೋಳಿಯ ಕಥೆಯೊಂದೇ 51 ಉರುಳೆಗಳಷ್ಟು ಉದ್ದವಾಗಿದೆ. ಎರಡೆರಡು ನಿಮಿಷಕ್ಕೊಮ್ಮೆ ಉರುಳೆಯನ್ನು ಬದಲಿಸಲು ಕಥೆಯನ್ನು ತಡೆಯಬೇಕು; ಕೇಳುವವರಿಗೆ ಭಾಷೆ ಅಷ್ಟಾಗಿ ಬಾರದು; ಹೇಳುವವನಿಗೆ ಆ ಭಾಷೆಯನ್ನು ಬಲ್ಲ ಇನ್ನೊಂದು ಜೀವ ಭೂಮಿಯ ಮೇಲಿಲ್ಲ. ಹೀಗಿದ್ದೂ ಅವನು ಕಥೆಯ ಎಳೆಯನ್ನು ಬಿಡದೆ ಮುಂದುವರಿಸಿದನಲ್ಲ, ಆ ಸಂಯಮಕ್ಕೆ ಏನು ಹೆಸರು ಕೊಡಬೇಕೋ ತಿಳಿಯದು. 1916ರಲ್ಲಿ ಅವನು ಕ್ಷಯದಿಂದ ತೀರಿಕೊಂಡನು. ಯಾಹಿ ಭಾಷೆಯ ಸದ್ದನ್ನು ಇಂದು ಕೇಳಬೇಕಾದರೆ ಆ ಮೇಣದ ಉರುಳೆಗಳನ್ನೇ ಆಶ್ರಯಿಸಬೇಕು.

ಆ ಮೇಣಕ್ಕೋ ವೈರಿಗಳು ಅನೇಕ. ಬೂಷ್ಟಿಗೆ ಅದು ಆಹಾರ. ತೇವವುಳ್ಳ ಕೋಣೆಯಲ್ಲಿ, ಅದರಲ್ಲಿಯೂ ಹತ್ತಿಯ ಅಸ್ತರಿಯ ಪೆಟ್ಟಿಗೆಯೊಳಗೆ, ಶಿಲೀಂಧ್ರವು ಬೆಳೆದು ಗೆರೆಗಳ ತಳವನ್ನು ತಿಂದುಬಿಡುತ್ತದೆ, ತಿಂದ ಜಾಗದಲ್ಲಿ ದನಿಯು ಶಾಶ್ವತವಾಗಿ ಇಲ್ಲವಾಗುತ್ತದೆ. ಮಿಶ್ರಣದಲ್ಲಿ ಹದ ತಪ್ಪಿದ್ದರೆ ಕೊಬ್ಬಿನ ಆಮ್ಲಗಳು ಒಳಗಿನಿಂದ ಮೇಲಕ್ಕೆ ಬಂದು ಬಿಳಿಯ ಪುಡಿಯಾಗಿ ಕೂರುತ್ತವೆ. ಶೀತದ ಕೋಣೆಯಿಂದ ಹೊರತೆಗೆದ ಉರುಳೆಯನ್ನು ಒಡನೆಯೇ ಅಂಗೈಯಲ್ಲಿ ಹಿಡಿದರೆ ಮೈಯ ಬಿಸಿಗೇ ಅದು ಸೀಳುವುದುಂಟು. ಕೆಳಗೆ ಬಿದ್ದರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಇದನ್ನು ಚೆನ್ನಾಗಿ ಅರಿತವರು ಬರ್ಲಿನ್ನಿನ ವಿದ್ವಾಂಸರು. 1900ರಲ್ಲಿ ಆ ನಗರಕ್ಕೆ ಬಂದಿದ್ದ ಸಯಾಮಿನ ನಾಟಕ ಮಂಡಲಿಯ ಸಂಗೀತವನ್ನು ಮನಶ್ಶಾಸ್ತ್ರಜ್ಞ ಕಾರ್ಲ್ ಸ್ಟುಂಪ್ಫನು ಮುದ್ರಿಸಿಕೊಂಡದ್ದರಿಂದ ಅಲ್ಲಿನ ಧ್ವನಿಭಂಡಾರ ಹುಟ್ಟಿತು. 1905ರಿಂದ ಅದನ್ನು ಬೆಳೆಸಿದವನು ಎರಿಕ್ ಫಾನ್ ಹಾರ್ನ್‌ಬಾಸ್ಟೆಲ್. ಅವನು ಆಟೋ ಅಬ್ರಹಾಮನೊಡನೆ ಕೂಡಿ, ಫೋನೋಗ್ರಾಫಿನಲ್ಲಿ ಮುದ್ರಿಸಿದ ಭಾರತೀಯ ರಾಗಗಳ ಮೇಲೆ 1904ರಷ್ಟು ಹಿಂದೆಯೇ ಪ್ರಬಂಧ ಬರೆದವನು. ಆ ಭಂಡಾರದವರು ದೇಶಾಂತರಕ್ಕೆ ಹೋಗುವ ಸಂಗ್ರಾಹಕರಿಗೆ ಒಂದು ಪೀಪಿಯನ್ನು ಕೊಡುತ್ತಿದ್ದರು. ಹಾಡು ಮೊದಲಾಗುವ ಮುನ್ನ ಅದನ್ನು ಊದಬೇಕು, ಅದರ ಶ್ರುತಿಯು ಸೆಕೆಂಡಿಗೆ 435 ಕಂಪನವೆಂದು ಗೊತ್ತಿರುವುದರಿಂದ, ಮುಂದೆ ಎಂದಾದರೂ ನುಡಿಸುವವರು ಆ ಪೀಪಿಯ ಸ್ವರಕ್ಕೆ ಸರಿಹೊಂದುವ ವೇಗದಲ್ಲಿ ಉರುಳೆಯನ್ನು ತಿರುಗಿಸಬಹುದು. ಮುಂದಿನ ಕಾಲದ ಕಿವಿಯನ್ನು ನೆನೆದು ಮಾಡಿದ ಈ ಸಣ್ಣ ಏರ್ಪಾಟು ನನಗೆ ದೊಡ್ಡ ಯಂತ್ರಗಳಿಗಿಂತ ಹೆಚ್ಚು ಮೆಚ್ಚುಗೆಯಾಗುತ್ತದೆ. ಹಿಂತಿರುಗಿ ಬಂದ ಮೇಣಕ್ಕೆ ವಿದ್ಯುಲ್ಲೇಪನದಿಂದ ತಾಮ್ರದ ಕವಚವನ್ನು ಕಟ್ಟಿ, ಒಳಮೈಯಲ್ಲಿ ದನಿಯ ಪಡಿಯಚ್ಚನ್ನು ಪಡೆಯುತ್ತಿದ್ದರು. ಈ ಕ್ರಿಯೆಯಲ್ಲಿ ಮೂಲದ ಮೇಣವು ಸಾಮಾನ್ಯವಾಗಿ ನಾಶವಾಗುತ್ತಿತ್ತು, ತಾಮ್ರವು ಉಳಿಯುತ್ತಿತ್ತು. ಹಾರ್ನ್‌ಬಾಸ್ಟೆಲನ ತಾಯಿ ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ಅವನನ್ನು ಹುದ್ದೆಯಿಂದ ತೆಗೆಯಲಾಯಿತು. ಯುದ್ಧದಲ್ಲಿ ಸಂಗ್ರಹದ ಬಹುಭಾಗವು ಸೋವಿಯತ್ ಸೇನೆಯ ಕೈಸೇರಿ ಲೆನಿನ್‌ಗ್ರಾಡಿಗೆ ಹೋಯಿತು, ಕೆಲವು ವರ್ಷಗಳ ಮೇಲೆ ಪೂರ್ವ ಬರ್ಲಿನ್ನಿಗೆ ಬಂದಿತು, ಎರಡು ಜರ್ಮನಿಗಳೂ ಒಂದಾದ ಮೇಲೆ 1991ರಲ್ಲಿ ಸ್ವಸ್ಥಾನವನ್ನು ಸೇರಿತು. ಆ ತಾಮ್ರದ ಅಚ್ಚುಗಳಿಂದ ಹೊಸದಾಗಿ ಉರುಳೆ ಎರಕ ಹೊಯ್ದು ದನಿಯನ್ನು ಮತ್ತೆ ಪಡೆಯಲಾಗಿದೆ. ಯುನೆಸ್ಕೋ 1999ರಲ್ಲಿ ಈ ಸಂಗ್ರಹವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ತಾಮ್ರದ ಭಾಗ್ಯವಿಲ್ಲದ ಮೇಣಕ್ಕೆ ಹಗುರವಾದ ಕೈಯ ಯಂತ್ರಗಳು ಬಂದವು. ಹಳೆಯ ಫೋನೋಗ್ರಾಫಿನ ತೂಕದ ಸೂಜಿಗೆ ಬದಲಾಗಿ ಅತ್ಯಲ್ಪ ಭಾರದ ವಿದ್ಯುತ್ ಸೂಜಿಯನ್ನು ಹಾಯಿಸುವ, ಫ್ರಾನ್ಸಿನ ಆಂರಿ ಶಾಮೂ ರಚಿಸಿದ ಆರ್ಕಿಯೋಫೋನ್ ಇವುಗಳಲ್ಲಿ ಹೆಸರಾದುದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯವು ಇಂಥ ಯಂತ್ರದ ನೆರವಿನಿಂದ 10,000ಕ್ಕೂ ಮಿಕ್ಕ ಉರುಳೆಗಳನ್ನು ಎಲ್ಲರೂ ಉಚಿತವಾಗಿ ಕೇಳುವಂತೆ ಮಾಡಿದೆ. ಆದರೆ ಎಷ್ಟು ಹಗುರವಾದರೂ ಸೂಜಿ ಸೂಜಿಯೇ. ಬೂಷ್ಟು ಹಿಡಿದ, ಬಿರುಕು ಬಿಟ್ಟ, ಚೂರಾದ ಉರುಳೆಯ ಮೇಲೆ ಅದನ್ನು ಹಾಯಿಸುವಂತಿಲ್ಲ.

ಇದಕ್ಕೆ ದಾರಿ ತೋರಿಸಿದವನು ಸಂಗೀತಗಾರನೂ ಅಲ್ಲ, ಗ್ರಂಥಪಾಲಕನೂ ಅಲ್ಲ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಾರ್ಲ್ ಹೇಬರ್ ಭೌತವಿಜ್ಞಾನಿ. ಪರಮಾಣುವಿಗಿಂತ ಚಿಕ್ಕದಾದ ಕಣಗಳ ಜಾಡನ್ನು ಹಿಡಿಯುವ ಸಿಲಿಕಾನ್ ಪತ್ತೆಕಾರಿಗಳನ್ನು ಮೈಕ್ರಾನುಗಳ ನಿಖರತೆಯಲ್ಲಿ ಅಳೆದು ಜೋಡಿಸುವುದು ಅವನ ಕಸುಬು. 2000ನೆಯ ಇಸವಿಯಲ್ಲಿ ಅಮೆರಿಕದ ಹಳೆಯ ಧ್ವನಿಮುದ್ರಿಕೆಗಳ ದುರವಸ್ಥೆಯನ್ನು ಕುರಿತ ರೇಡಿಯೋ ಪ್ರಸಂಗವೊಂದನ್ನು ಕೇಳಿದಾಗ, ಗೆರೆಯ ಆಕಾರವನ್ನು ಅಳೆಯಲು ಸಾಧ್ಯವಾದರೆ ಅದರ ಮೇಲೆ ಸೂಜಿಯು ಹೇಗೆ ಚಲಿಸುತ್ತಿತ್ತೆಂಬುದನ್ನು ಗಣಿತದಿಂದಲೇ ಪಡೆಯಬಹುದಲ್ಲವೆ ಎಂಬ ಯೋಚನೆ ಅವನಿಗೆ ಹೊಳೆಯಿತು. ಅವನೂ ವಿಟಾಲಿ ಫಡಯೇವನೂ ಕೂಡಿ ಮೊದಲು ಒಂದು ತಟ್ಟೆಯನ್ನು ಪರೀಕ್ಷಿಸಿದರು. ಅದರಲ್ಲಿದ್ದ ಹಾಡಿನ ನಾಯಿಕೆ ಐರೀನಳ ಹೆಸರೇ ಆ ವಿಧಾನಕ್ಕೆ ನಿಂತಿತು. ಉರುಳೆಯಲ್ಲಿ ಗೆರೆಯ ಆಳವನ್ನು ಅಳೆಯಬೇಕಾದುದರಿಂದ ಬರಿಯ ಚಿತ್ರ ಸಾಲದು. ಬಿಳಿಯ ಬೆಳಕಿನ ಬೇರೆಬೇರೆ ಬಣ್ಣಗಳು ಬೇರೆಬೇರೆ ದೂರದಲ್ಲಿ ಕೇಂದ್ರೀಕೃತವಾಗುವಂತೆ ಮಾಡಿದ ಮಸೂರದ ಕೆಳಗೆ ಉರುಳೆಯನ್ನು ಮೆಲ್ಲನೆ ತಿರುಗಿಸುತ್ತಾರೆ. ಯಾವ ಬಣ್ಣವು ಅತಿ ಸ್ಪಷ್ಟವಾಗಿ ಪ್ರತಿಫಲಿಸಿತೆಂಬುದರಿಂದ ಆ ಬಿಂದುವಿನ ಆಳವು ತಿಳಿಯುತ್ತದೆ. ಹೀಗೆ ಅಸಂಖ್ಯ ಬಿಂದುಗಳನ್ನು ಅಳೆದು ಗಣಕಯಂತ್ರದಲ್ಲಿ ಉರುಳೆಯ ಮೈಯ ನಕ್ಷೆ ಬರೆದು, ಇಲ್ಲದ ಸೂಜಿಯೊಂದನ್ನು ಇಲ್ಲದ ಮೇಣದ ಮೇಲೆ ಹಾಯಿಸುತ್ತಾರೆ. ಬೂಷ್ಟಿನ ಗುಳಿ, ಬಿರುಕು, ಗೀರುಗಳನ್ನು ಲೆಕ್ಕದಲ್ಲಿಯೇ ಗುರುತಿಸಿ ದಾಟಬಹುದು. ಒಡೆದ ಚೂರುಗಳನ್ನು ಅಂಟು ಹಾಕದೆ ನಕ್ಷೆಯಲ್ಲಿ ಕೂಡಿಸಬಹುದು.

ಈ ವಿಧಾನದಿಂದ, ಕ್ರೋಬರ್ ಮತ್ತು ಅವನ ಸಹೋದ್ಯೋಗಿಗಳು ಕ್ಯಾಲಿಫೋರ್ನಿಯದಲ್ಲಿ ಸಂಗ್ರಹಿಸಿದ, ಇಶಿಯವೂ ಸೇರಿದಂತೆ 2,713 ಉರುಳೆಗಳನ್ನು ಓದಿಸುವ ದೊಡ್ಡ ಕೆಲಸವು ಬರ್ಕ್ಲಿಯಲ್ಲಿ 2015ರ ಸುಮಾರಿಗೆ ಆರಂಭವಾಯಿತು. ಅವುಗಳಲ್ಲಿರುವುದು 78 ಮೂಲನಿವಾಸಿ ಭಾಷೆಗಳು. ಅವುಗಳಲ್ಲಿ ಅನೇಕ ಭಾಷೆಗಳನ್ನು ಇಂದು ಹುಟ್ಟುಮಾತಾಗಿ ಆಡುವವರಿಲ್ಲ.

ಆದರೆ ಅದ್ಭುತವನ್ನು ಅತಿಯಾಗಿ ಹೊಗಳಬಾರದು. ಕೊಂಬಿಗೆ ಕೇಳದಿದ್ದುದನ್ನು ಯಾವ ಬೆಳಕೂ ಕಾಣಿಸದು. ತೀರ ಕೆಳಗಿನ ಸ್ವರಗಳೂ, ಸಕಾರದಂಥ ಊಷ್ಮಾಕ್ಷರಗಳ ಸೂಕ್ಷ್ಮವೂ ಮೇಣಕ್ಕೆ ಇಳಿಯಲೇ ಇಲ್ಲ. ಉಳಿದ ಸದ್ದನ್ನು ತೊಳೆದು ತೊಳೆದು ಹೊಳಪು ಕೊಡುವ ಚಾಪಲ್ಯವು ಈಗ ಹೆಚ್ಚಾಗಿದೆ. ಹಾಗೆ ತೊಳೆಯುವಾಗ ಕರಕರ ಸದ್ದಿನೊಡನೆ ಕಂಠದ ಉಸಿರೂ ಹೋಗಿಬಿಡುವುದರಿಂದ, ವಿವೇಕವುಳ್ಳ ಸಂಗ್ರಹಾಲಯಗಳು ಮೊದಲ ಪ್ರತಿಯನ್ನು ಏನೂ ತಿದ್ದದೆ, ಸೆಕೆಂಡಿಗೆ 96,000 ಮಾದರಿ, 24 ಬಿಟ್ ಎಂಬಂಥ ಉನ್ನತ ಮಾನದಲ್ಲಿ ಕಾದಿಡುತ್ತವೆ. ಡಿಜಿಟಲ್ ಪ್ರತಿಯೂ ಅಮರವೇನಲ್ಲ. ಯಂತ್ರ ಬದಲಾದಂತೆ ಅದನ್ನು ಮತ್ತೆ ಮತ್ತೆ ನಕಲು ಮಾಡುತ್ತಲೇ ಇರಬೇಕು. ಮೇಣವನ್ನೂ ಎಸೆಯುವಂತಿಲ್ಲ, ನಾಳೆ ಇನ್ನೂ ಸೂಕ್ಷ್ಮವಾದ ಕಣ್ಣು ಬರಬಹುದು.

ಇದರ ನಡುವೆ ಇನ್ನೊಂದು ಪ್ರಶ್ನೆ ಎದ್ದಿದೆ, ಅದು ಯಂತ್ರದ ಪ್ರಶ್ನೆಯಲ್ಲ. ಇಶಿ ತೀರಿಕೊಂಡಾಗ ಶವಪರೀಕ್ಷೆ ನಡೆಸಿ ಅವನ ಮಿದುಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಿದರು. ಅದು ಅವನ ಬಂಧುಕುಲಗಳ ಕೈಗೆ ಮರಳಿದ್ದು 2000ನೆಯ ಇಸವಿಯಲ್ಲಿ. ದೇಹದ ಅಂಗಕ್ಕೆ ವಾರಸುದಾರರಿದ್ದರೆ ದನಿಗೆ ಇರಬೇಡವೆ? ಅನೇಕ ಉರುಳೆಗಳಲ್ಲಿ ಇರುವುದು ಪೂಜೆಯ, ದೀಕ್ಷೆಯ, ಶವಸಂಸ್ಕಾರದ ಹಾಡುಗಳು. ಅವನ್ನು ಇಂಥವರೇ ಹಾಡಬೇಕು, ಇಂಥ ಋತುವಿನಲ್ಲಿಯೇ ಕೇಳಬೇಕೆಂಬ ನಿಯಮಗಳಿದ್ದುವು. ಪಸಮಕ್ವಾಡಿ ಜನರೀಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನೊಡನೆ ಕುಳಿತು, 1890ರ ತಮ್ಮ ಉರುಳೆಗಳಲ್ಲಿ ಯಾವುದನ್ನು ಲೋಕವೆಲ್ಲ ಕೇಳಬಹುದು, ಯಾವುದನ್ನು ಕೂಡದು, ಯಾವುದನ್ನು ಹೇಗೆ ಉಪಯೋಗಿಸಬೇಕು ಎಂಬುದನ್ನು ತಾವೇ ನಿರ್ಧರಿಸಿ, ಸಂಗ್ರಹದ ವಿವರಗಳಲ್ಲಿ ತಮ್ಮ ಮಾತಿನಲ್ಲಿಯೇ ಗುರುತು ಹಾಕಿದ್ದಾರೆ. ಜ್ಞಾನವೆಲ್ಲವೂ ಸರ್ವರಿಗೂ ತೆರೆದಿರಬೇಕೆಂದು ನಂಬಿ ಬೆಳೆದ ನನ್ನಂಥವನಿಗೆ ಇದು ಮೊದಲು ಇರುಸುಮುರುಸಾಯಿತು. ಆದರೆ ಗರ್ಭಗುಡಿಯ ಬಾಗಿಲನ್ನು ಯಾರು, ಎಂದು ತೆರೆಯಬೇಕೆಂಬ ವಿಧಿಯನ್ನು ಶತಮಾನಗಳಿಂದ ಪಾಲಿಸುತ್ತ ಬಂದ ನಾಡಿನವರು ಆಕ್ಷೇಪಿಸಲು ಹೆಚ್ಚಿನ ಅವಕಾಶವಿಲ್ಲ.

ನಮ್ಮ ದೇಶದ ಪಾಲೂ ಈ ಮೇಣದಲ್ಲಿದೆ. ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ನನೂ ಅವನ ಸಹಾಯಕ ಕೆ. ರಂಗಾಚಾರಿಯವರೂ, 1909ರಲ್ಲಿ ಏಳು ಸಂಪುಟಗಳಾಗಿ ಹೊರಬಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥಕ್ಕಾಗಿ ತಿರುಗುವಾಗ ಫೋನೋಗ್ರಾಫನ್ನು ಒಯ್ದು ಹಾಡುಗಳನ್ನು ಮುದ್ರಿಸಿದರು. ಕಲ್ಕತ್ತೆಯ ಹೇಮೇಂದ್ರ ಮೋಹನ ಬೋಸರು ಸ್ವದೇಶೀ ಚಳವಳಿಯ ದಿನಗಳಲ್ಲಿ ರವೀಂದ್ರನಾಥ ಠಾಕೂರರ ಕಂಠವನ್ನು ಉರುಳೆಗೆ ಇಳಿಸಿ ಮಾರಿದರು. ಬಂಗಾಳದ ಮಳೆಗಾಲಗಳನ್ನು ದಾಟಿ ಉಳಿದು ಬಂದವು ಅತ್ಯಲ್ಪ. ಶಾಂತಿನಿಕೇತನದಲ್ಲಿ ಕಲಿತ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1930ರ ದಶಕದ ಆರಂಭದಲ್ಲಿ ಬರ್ಲಿನ್ ಭಂಡಾರಕ್ಕಾಗಿ ಮೇಣದ ಉರುಳೆಗಳನ್ನು ತುಂಬಿದನು. 1938ರಲ್ಲಿ ದಕ್ಷಿಣಕ್ಕೆ ಬಂದಾಗ ಮೇಣವನ್ನು ಬಿಟ್ಟು, ಉದ್ದವಾದ ಪಟ್ಟಿಯ ಮೇಲೆ ಗೆರೆ ಕೊರೆಯುವ ಟೆಫಿ ಎಂಬ ಹೊಸ ಯಂತ್ರವನ್ನು ತಂದಿದ್ದನು. ತಮಿಳುನಾಡು, ಕೇರಳಗಳೊಡನೆ ಕನ್ನಡನಾಡಿನ ದನಿಗಳೂ ಹೀಗೆ ಅವನ ಸಂಗ್ರಹವನ್ನು ಸೇರಿದವು. ಅವನ ಶಿಷ್ಯರಾದ ನಜೀರ್ ಜೈರಾಜ್‌ಭಾಯ್ ಅವರು ಏಮಿ ಕ್ಯಾಟ್ಲಿನ್ನರೊಡನೆ 1984ರಲ್ಲಿ ಆ ಧ್ವನಿಮುದ್ರಣಗಳ ಪ್ರತಿಗಳನ್ನು ಹೊತ್ತು ಅವೇ ಊರುಗಳಿಗೆ ಬಂದು, ಹಾಡಿದವರನ್ನೂ ಅವರ ಪೀಳಿಗೆಯವರನ್ನೂ ಹುಡುಕಿ, ಏನು ಉಳಿದಿದೆ, ಏನು ಬದಲಾಗಿದೆಯೆಂದು ದಾಖಲಿಸಿದರು. ದನಿಯನ್ನು ಊರಿಗೆ ಮರಳಿಸುವ ಮಾತು ವಿದ್ವಾಂಸರಲ್ಲಿ ರೂಢಿಯಾಗುವುದಕ್ಕೆ ಮುಂಚೆಯೇ ನಡೆದ ಈ ಕೆಲಸವು ಕನ್ನಡಿಗರಲ್ಲಿ ಇನ್ನೂ ಹೆಚ್ಚು ಪ್ರಸಿದ್ಧವಾಗತಕ್ಕದ್ದು.

ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಗ್ರಾಮಫೋನ್ ಪ್ಲೇಟುಗಳು ಸಿಕ್ಕುವಷ್ಟು ಸುಲಭವಾಗಿ ಮೇಣದ ಉರುಳೆಗಳು ಸಿಕ್ಕಲಾರವು. ಸಿಕ್ಕಿದ್ದಾದರೆ ಅದರ ಹೊರಮೈಯನ್ನು ಮುಟ್ಟದೆ, ಟೊಳ್ಳಿನೊಳಗೆ ಎರಡು ಬೆರಳುಗಳನ್ನು ತೂರಿಸಿ ಅಗಲಿಸಿ ಎತ್ತಬೇಕು. ತಂಪಾದ ಒಣ ಜಾಗದಲ್ಲಿ ಮಲಗಿಸದೆ ನೆಟ್ಟಗೆ ನಿಲ್ಲಿಸಿಡಬೇಕು. ಬೂಷ್ಟು ಕಂಡರೆ ಬಟ್ಟೆಯಿಂದ ಉಜ್ಜಬಾರದು. ಪಕ್ಕದಲ್ಲಿ ಹಳೆಯ ಯಂತ್ರವೂ ಸುಸ್ಥಿತಿಯಲ್ಲಿದ್ದು, ಒಂದೇ ಒಂದು ಸಲ ಹಾಕಿ ನೋಡೋಣವೆಂಬ ಆಸೆ ಹುಟ್ಟುವುದು ಸಹಜ, ಅದನ್ನು ತಡೆದುಕೊಳ್ಳಬೇಕು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಆದರೆ ಪೂರ್ತಿಯಾಗಿ ನಂಬುವಂತಿಲ್ಲ, ಮುಚ್ಚಳಗಳು ಅದಲುಬದಲಾಗಿರುವುದು ಸಾಮಾನ್ಯ. ಕಂದುಮೇಣದ ಉರುಳೆಗಳ ಮೇಲೆ ಹೆಸರು ಅಚ್ಚಾಗಿರುತ್ತಿರಲಿಲ್ಲ. ಬದಲಾಗಿ ಹಾಡಿನ ಮೊದಲಲ್ಲಿ ಯಾರಾದರೊಬ್ಬರು ಹಾಡಿನ ಹೆಸರನ್ನೂ ಹಾಡುವವರ ಹೆಸರನ್ನೂ ಕೊಂಬಿನೊಳಗೆ ಗಟ್ಟಿಯಾಗಿ ಕೂಗಿ ಹೇಳುವುದು ಆ ಕಾಲದ ವಾಡಿಕೆಯಾಗಿತ್ತು.